ಮಾಮಾನ ಹಣೆಯ ಭಂಡಾರ

ಮಾಮಾನನ್ನು ಕರ್ತನ ಮೇಜಿನಿಂದ, ಅಂದರೆ ಕ್ರೈಸ್ತ ಸಭೆಯವರು ಯೇಸುವಿನ ನೆನಪಿಗೆ ತಿಂಗಳಿಗೊಮ್ಮೆ ಕೂಡಿ ರೊಟ್ಟಿ ಮುರಿಯುವ ಆಚರಣೆಯಿಂದ, ಹೊರಗಿಟ್ಟದ್ದು ನನ್ನ ಮಾತಿನ ಮೇಲೆ. ಹಾಗೆ ಮಾಡಿ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಸಭೆಗೆ ಹೋಗುವುದನ್ನೇ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಅಲ್ಲಿ ಯಾರು ಮೇಜಿಗೆ ಕೂಡುತ್ತಾರೆ, ಯಾರು ಕೂಡುವುದಿಲ್ಲ ಎಂಬುದು ನನ್ನ ಚಿಂತೆಯೇ ಆಗಿರಲಿಲ್ಲ. ನಾನು ಆಡಿದ್ದು ಊಟದ ಹೊತ್ತಿನ ಒಂದು ಮಾತು, ಅದೂ ಅಪ್ಪನನ್ನು ಕೆಣಕುವುದಕ್ಕೆ.

ಉದಗೀರಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಹದಿನೈದು ದಿನಕ್ಕೊಮ್ಮೆ ಮೋಟಾರ್ ಸೈಕಲ್ ಮೇಲೆ ನಿಲಂಗಾ ಹಾದು ಉಮರ್ಗಾಕ್ಕೆ ಹೋಗಿ ಅಪ್ಪ ಅವ್ವನ ಜೊತೆ ರವಿವಾರ ಕಳೆದು ಬರುತ್ತೇನೆ. ಅಪ್ಪ ಜಿಲ್ಲಾ ಪರಿಷತ್ ಶಾಲೆಯಿಂದ ನಿವೃತ್ತನಾದ ಮಾಸ್ತರ, ಸಭೆಯ ಹಿರಿಯರಲ್ಲಿ ಒಬ್ಬ. ಅವನ ಮನೆಯವರು ಅವನ ಅಜ್ಜನ ಕಾಲಕ್ಕೇ ಕ್ರೈಸ್ತರಾದವರು. ಅವ್ವನ ತವರು ಹಾಗಲ್ಲ. ಅದು ಕುರಿ ಸಾಕುವ, ಬೀರಪ್ಪನಿಗೆ ನಡೆದುಕೊಳ್ಳುವ ಮನೆ. ಅವ್ವ ಮತ್ತು ಅವಳ ತಮ್ಮ ಹರೆಯದಲ್ಲಿ ಯೇಸುವನ್ನು ನಂಬಿದರು. ಅವರ ಅಣ್ಣ ಬೀರಪ್ಪನ ಬಳಿಯೇ ಉಳಿದ. ಆ ಅಣ್ಣ ನನಗೆ ದೊಡ್ಡ ಮಾಮಾ. ತಮ್ಮ, ಬರೀ ಮಾಮಾ. ಮಾಮಾ ಕುರಿ ಬಿಟ್ಟು, ನಿಲಂಗಾ ರಸ್ತೆಯ ಹಳ್ಳಿಯಲ್ಲಿ ತೊಗರಿ, ಸೋಯಾ ಬೆಳೆದುಕೊಂಡಿದ್ದಾನೆ. ರವಿವಾರ ತಪ್ಪದೆ ಮಾಮಿಯನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಉಮರ್ಗಾದ ಸಭೆಗೆ ಬರುತ್ತಾನೆ.

ದೀಪಾವಳಿ ಕಳೆದ ಮೇಲೆ ದೊಡ್ಡ ಮಾಮಾ ಹಿಂಡನ್ನು ಎಬ್ಬಿಸಿಕೊಂಡು ಮೇವಿರುವ ಕಡೆ ಹೊರಡುತ್ತಾನೆ. ಮತ್ತೆ ಊರಿಗೆ ಬರುವುದು ಮಳೆ ಬೀಳುವ ಹೊತ್ತಿಗೆ. ಹೊರಡುವ ಬೆಳಿಗ್ಗೆ ಬೀರಪ್ಪನ ಭಂಡಾರ, ಅಂದರೆ ಅರಿಶಿನದ ಪುಡಿ, ಹಿಂಡಿನ ಮೇಲೆ ಮುಷ್ಟಿ ಮುಷ್ಟಿ ಎರಚುತ್ತಾರೆ. ಕುರಿ, ನಾಯಿ, ಜನ, ಎಲ್ಲ ಹಳದಿಯಾಗುತ್ತದೆ. ಮಾಮಾ ಪ್ರತಿವರ್ಷ ಅಣ್ಣನನ್ನು ಬೀಳ್ಕೊಡಲು ಹೋಗುತ್ತಾನೆ. ಇದು ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು; ಅಣ್ಣತಮ್ಮಂದಿರ ವಿಷಯ ಎಂದು ಯಾರೂ ಕೇಳುತ್ತಿರಲಿಲ್ಲ.

ಆ ವರ್ಷ ಹಿಂಡು ಹೊರಟ ಬೆಳಿಗ್ಗೆ ನಾನು ಉದಗೀರಿನಿಂದ ಬರುವಾಗ ಹಿಂಡು ರಸ್ತೆ ದಾಟುತ್ತಿತ್ತು. ಗಾಡಿ ನಿಲ್ಲಿಸಿದೆ. ರಸ್ತೆಯ ಆಚೆ ಮಾಮಾ ನಿಂತಿದ್ದ. ಹಣೆಯ ಮೇಲೆ ಹಳದಿ. ನಗುತ್ತಿದ್ದ. ನನಗೆ ಕೈ ಬೀಸಿದ. ನಾನೂ ಬೀಸಿದೆ. ಕೊನೆಯ ಕುರಿ ದಾಟಿದ ಮೇಲೆ ಗಾಡಿ ಎತ್ತಿಕೊಂಡು ಬಂದೆ. ಇಷ್ಟೇ ನಾನು ಕಂಡದ್ದು, ಅಥವಾ ಕಂಡೆ ಎಂದು ಆಗ ನಂಬಿದ್ದು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪನಿಗೂ ನನಗೂ ಎಂದಿನ ಜಗಳ ಹತ್ತಿತು. ಧರ್ಮ ಎಂದರೆ ಹುಟ್ಟಿದ ಮನೆಯ ರೂಢಿ, ಹೆಸರು ಬದಲಾಯಿಸಿದರೂ ಒಳಗಿನ ರೂಢಿ ಬದಲಾಗುವುದಿಲ್ಲ ಎಂದು ನಾನು. ಅಪ್ಪನಿಗೆ ಸಿಟ್ಟು ಬಂತು.

"ನಮ್ಮ ಸಭಾದಾಗ ಒಬ್ಬಾಂವನ್ನ ತೋರ್ಸು, ಕರ್ತನ್ನ ಬಿಟ್ಟು ಬ್ಯಾರೆ ಕಡಿ ತಲಿ ಬಾಗಿಸಿದಾಂವ."

"ದೂರ ಯಾಕ ಹೋಗ್ತಿ? ನಿನ್ನ ಹೆಂಡ್ತಿ ತಮ್ಮನೇ ಅದಾನಲ್ಲ. ಮುಂಜಾನಿ ಹಣಿ ತುಂಬ ಭಂಡಾರ ಹಚ್ಕೊಂಡು ನಕ್ಕೋತ ನಿಂತಿದ್ದ. ನಾ ಕಣ್ಣಾರೆ ಕಂಡೀನಿ."

ಅಪ್ಪ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟ. ಜಗಳದಲ್ಲಿ ಗೆದ್ದೆ ಎಂದು ನನಗೆ ಖುಷಿಯಾಯಿತು. ಅವ್ವ ಮಾತ್ರ ಪಲ್ಯದ ಪಾತ್ರೆಯನ್ನು ನನ್ನ ಮುಂದೆ ಕುಕ್ಕಿ, "ಬಾಯಿ ಮುಚ್ಕೊಂಡು ಉಣ್ಣು" ಎಂದಳು. ಬಾಯಿ ಮುಚ್ಚಿಕೊಂಡು ಉಣ್ಣುವುದು ಹೇಗೆ ಎಂದು ಅದಕ್ಕೂ ಒಂದು ಹಾಸ್ಯ ಮಾಡಿದೆ.

ಮೂರು ವಾರದ ಮೇಲೆ ಅವ್ವನ ಫೋನು ಬಂತು.

"ನಿನ್ನ ಮಾಮಾಗ ಮೇಜಿನ ಹೊರಗ ಇಟ್ಟಾರ."

"ಯಾರು?"

"ನೀ."

ಹಿರಿಯರು ಪಾಸ್ಟರರ ಮನೆಯಲ್ಲಿ ಕೂಡಿದ್ದರಂತೆ. ಅಪ್ಪ ನನ್ನ ಮಾತನ್ನು ಅವರ ಮುಂದಿಟ್ಟಿದ್ದ. ನನ್ನ ಮಗ ನೋಡ್ಯಾನ, ಅಂವಾ ದೇವರನ್ನ ನಂಬೂದಿಲ್ಲ, ಹಂಗಾಗಿ ಅವನಿಗಿ ಸುಳ್ಳು ಹೇಳೂ ಗರಜೂ ಇಲ್ಲ ಎಂದಿದ್ದನಂತೆ. ಬದುಕಿನಲ್ಲಿ ಮೊದಲ ಬಾರಿ ನನ್ನ ಅಪನಂಬಿಕೆಗೆ ಅಪ್ಪ ಬೆಲೆ ಕೊಟ್ಟದ್ದು ಹೀಗೆ. ಮಾಮಾ ಸಭೆಯ ಮುಂದೆ ಎದ್ದು ನಿಂತು ತಪ್ಪೊಪ್ಪುವವರೆಗೆ ಮೇಜಿಗೆ ಬರಬಾರದು ಎಂದು ಸಭೆಯ ಭಾಷೆಯಾದ ಮರಾಠಿಯಲ್ಲಿ ಒಂದು ಕಾಗದ ಬರೆದು, ಆರಾಧನೆಯ ಕೊನೆಗೆ ಓದಿದರು. ಅದು ಸಭೆಯ ಮೊಬೈಲ್ ಗ್ರೂಪಿನಲ್ಲೂ ಬಂತು. ಮಾಮಾ ಏನೂ ಹೇಳಲಿಲ್ಲ. ಎದ್ದೂ ನಿಲ್ಲಲಿಲ್ಲ.

ಮುಂದಿನ ತಿಂಗಳ ಮೊದಲ ರವಿವಾರ ನಾನು ಸಭೆಗೆ ಹೋದೆ. ಹೋದದ್ದು ನೋಡುವುದಕ್ಕೆ. ನಮ್ಮ ಸಭೆಯಲ್ಲಿ ಬೆಂಚುಗಳಿಲ್ಲ. ಚಾಪೆಯ ಮೇಲೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಸಾಲಾಗಿ ಕೂಡುತ್ತಾರೆ. ಮೇಜಿನ ಮೇಲೆ ಇಡುವುದು ಜೋಳದ ರೊಟ್ಟಿ ಮತ್ತು ಒಣದ್ರಾಕ್ಷಿ ನೆನೆಹಾಕಿ ಹಿಂಡಿದ ರಸ. ರೊಟ್ಟಿ ಪ್ರತಿ ತಿಂಗಳು ಒಂದೊಂದು ಮನೆಯಿಂದ, ಸರದಿಯ ಮೇಲೆ ಬರುತ್ತದೆ. ಹೊರಗಿಟ್ಟವರು ಬಾಗಿಲ ಬಳಿ ಕೂಡಬೇಕು. ರೊಟ್ಟಿ ಮುರಿಯುವ ಹೊತ್ತಿಗೆ ಎದ್ದು ಹೊರಗೆ ಹೋಗಬೇಕು. ಇದು ಯಾರ ಕಾಲದ ನಿಯಮವೋ ಯಾರಿಗೂ ತಿಳಿಯದು, ಆದರೆ ಮುರಿದವರಿಲ್ಲ.

ಮಾಮಾ ಬಾಗಿಲ ಬಳಿ ಕೂತಿದ್ದ. ಹಾಡಿನ ಹೊತ್ತಿಗೆ ಹಾಡಿದ. ಅವನ ದನಿಯೇ ಎಲ್ಲರಿಗಿಂತ ಮೇಲಿತ್ತು. ರೊಟ್ಟಿಯ ಮೇಲಿನ ಬಟ್ಟೆ ತೆಗೆದಾಗ ಎದ್ದು ಹೊರಗೆ ಹೋದ. ನಾನೂ ಎದ್ದು ಅವನ ಹಿಂದೆ ಹೋದೆ. ನನಗೆ ಮೇಜಿನ ಹಕ್ಕು ಮೊದಲೇ ಇರಲಿಲ್ಲವಲ್ಲ. ಬೋರಿನ ಪಂಪಿನ ಕಟ್ಟೆಯ ಮೇಲೆ ಇಬ್ಬರೂ ಕೂತೆವು.

"ನಿನ್ನ ಗಾಡಿ ಚೈನ್ ಸಡ್ಲ ಆಗ್ಯಾದ" ಎಂದ ಮಾಮಾ. "ಬರುವಾಗ ಆವಾಜ ಕೇಳ್ತು. ಬಿಗಿ ಮಾಡಿಸ್ಕೋ."

ಅಷ್ಟೇ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಒಳಗಿನಿಂದ ಪ್ರಾರ್ಥನೆಯ ದನಿ ಬರುತ್ತಿತ್ತು. ಮಾಮಾ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದ. ನಾನು ಚೈನನ್ನೇ ನೋಡುತ್ತ ಕೂತೆ.

ಕೆಲವು ದಿನಗಳ ಮೇಲೆ ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಯಾವುದೇ ಸಾಕ್ಷಿಯನ್ನು ನಂಬುವ ಮೊದಲು ಮೂರು ಪ್ರಶ್ನೆ ಕೇಳಬೇಕು ಎಂದು ಪ್ರತಿವರ್ಷ ಹೇಳುವುದನ್ನೇ ಹೇಳುತ್ತಿದ್ದೆ. ಅವನು ಎಲ್ಲಿ ನಿಂತಿದ್ದ? ಎಷ್ಟು ಹೊತ್ತು ನೋಡಿದ? ಯಾರ ಎದುರು, ಯಾವ ಕಾರಣಕ್ಕೆ ಹೇಳಿದ? ಮೂರನೆಯ ಪ್ರಶ್ನೆಗೆ ಬಂದಾಗ ಮಾತು ನಿಂತುಬಿಟ್ಟಿತು. ನನ್ನ ಟಿಪ್ಪಣಿಯ ಪುಟ ಕಳೆದಿರಬೇಕು ಎಂದು ವಿದ್ಯಾರ್ಥಿಗಳು ಅಂದುಕೊಂಡರು.

ಅವತ್ತಿನಿಂದ ಆ ಬೆಳಗನ್ನು ಎಷ್ಟು ಸಲ ತಿರುಗಿ ನೋಡಿದೆನೋ. ರಸ್ತೆ, ಧೂಳು, ಎಳೆ ಬಿಸಿಲು. ಮಾಮಾನ ತಲೆಯ ಮೇಲೆ ಬಿಳಿ ರುಮಾಲು. ಚಳಿಗಾಲದಲ್ಲಿ ಅವನು ರುಮಾಲನ್ನು ಹುಬ್ಬಿನವರೆಗೆ ಎಳೆದು ಸುತ್ತಿಕೊಳ್ಳುತ್ತಾನೆ. ಆ ದಿನವೂ ಹಾಗೇ ಇತ್ತು, ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಹಾಗಿದ್ದರೆ ಹಣೆ ನನಗೆ ಕಂಡದ್ದು ಹೇಗೆ? ಹಳದಿ ರುಮಾಲಿನ ಮೇಲೆ ಇತ್ತೇ? ಕೆನ್ನೆಯ ಮೇಲೆ ಇತ್ತೇ? ಪಕ್ಕದಲ್ಲಿ ನಿಂತಿದ್ದ ಇನ್ನಾರದೋ ಹಣೆಯನ್ನು ನಾನು ಮಾಮಾನ ಮುಖಕ್ಕೆ ಅಂಟಿಸಿದೆನೇ?

ಮುಂದಿನ ಸಲ ಉಮರ್ಗಾಕ್ಕೆ ಹೋದಾಗ ಅಪ್ಪನಿಗೆ ಈ ಅನುಮಾನ ಹೇಳಿದೆ.

"ಆವಾಗ ಖಾತ್ರಿ ಇತ್ತಲ್ಲ?" ಎಂದ ಅಪ್ಪ.

"ಇತ್ತು."

"ಈಗ?"

"ಈಗ ಇಲ್ಲ."

"ಮಾಮಾನ ಮಾರಿ ನೋಡಿ ಸಾಕ್ಷಿ ಬದಲ್ ಮಾಡ್ಲತ್ತಿದಿ. ಶಾಣ್ಯಾ ಮಂದಿ ಕೆಲಸೇ ಇದು." ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡ. "ಅಂವಾ ಒಂದ್ಸಲ ಎದ್ದು ನಿಂತು ಕಬೂಲ್ ಮಾಡ್ಲಿ. ಅವತ್ತೇ ಒಳಗ ಕರ್ಕೊಂತೀವಿ. ನಮಗೇನು ಅವನ ಮ್ಯಾಗ ದುಷ್ಮನಿ ಅದಾ?"

ಇಷ್ಟರಲ್ಲಿ ಮತ್ತೊಂದು ತೊಡಕು ಬಂತು. ಮುಂದಿನ ಮೊದಲ ರವಿವಾರದ ರೊಟ್ಟಿಯ ಸರದಿ ಮಾಮಾನ ಮನೆಯದು. ಹೊರಗಿಟ್ಟವನ ಮನೆಯ ರೊಟ್ಟಿಯನ್ನು ಮೇಜಿನ ಮೇಲೆ ಇಡಬಹುದೇ ಎಂದು ಯಾವ ನಿಯಮದಲ್ಲೂ ಇರಲಿಲ್ಲ. ಹಿರಿಯರು ಕೂಡಿ, ಈ ಸಲ ಆ ಮನೆಯನ್ನು ದಾಟಿಸಿ ಮುಂದಿನ ಮನೆಗೆ ಹೇಳುವುದು ಎಂದು ತೀರ್ಮಾನಿಸಿದರು. ಅದನ್ನು ಮಾಮಿಗೆ ಫೋನ್ ಮಾಡಿ ತಿಳಿಸುವ ಕೆಲಸ ಅಪ್ಪನಿಗೆ ಬಂತು. ಅಪ್ಪ ದಿನ ದಿನ ಮುಂದೂಡುತ್ತಿದ್ದ.

ಆದರೆ ಸುದ್ದಿ ಫೋನಿಗೆ ಕಾಯುವುದಿಲ್ಲ. ಮಾಮಾ ಅದನ್ನು ಕೇಳಿ ಅವ್ವನಿಗೆ ಹೇಳಿದ್ದ: "ಅಕ್ಕಾ, ನನಗ ಹೊರಗ ನಿಲ್ಲು ಅಂದ್ರು, ನಿಂತೆ. ಇನ್ನೂ ನಿಲ್ತೀನಿ. ಆದ್ರ ಆಕಿ ರೊಟ್ಟಿ ಬ್ಯಾಡ ಅಂದ್ರ ಮತ್ತ ಆ ಬಾಗಿಲಿಗಿ ಬರೂದಿಲ್ಲ." ಮಾಮಾ ಹಾಗೆಲ್ಲ ಹೆದರಿಸುವ ಮನುಷ್ಯನಲ್ಲ. ಹೇಳಿದ್ದನೆಂದರೆ ಬರುವುದಿಲ್ಲ ಎಂದೇ ಅರ್ಥ. ಅವ್ವ ನನಗೆ ಇದನ್ನು ಹೇಳುವಾಗ ಅಳಲಿಲ್ಲ. ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ಪಕ್ಕಕ್ಕೆ ಇಟ್ಟಳು. "ನಿನ್ನ ನಾಲಗಿಗಿ ಓದು ಬಂತು, ಬುದ್ಧಿ ಬರ್ಲಿಲ್ಲ" ಎಂದಳು. ಹತ್ತು ದಿನ ಉಳಿದಿತ್ತು.

ನಾನು ಮಾಡಬೇಕಾದದ್ದು ಸ್ಪಷ್ಟ ಎನಿಸಿತು. ಸತ್ಯ ಹುಡುಕಬೇಕು, ಮಾಮಾ ನಿರಪರಾಧಿ ಎಂದು ತೋರಿಸಬೇಕು. ಕಣ್ಣಾರೆ ನೋಡಿದವನು ಇನ್ನೊಬ್ಬನಿದ್ದ: ದೊಡ್ಡ ಮಾಮಾ. ಅವನ ಹಿಂಡು ಆಗ ವಲಾಂಡಿಯ ಹತ್ತಿರ, ಕಟಾವಾದ ತೊಗರಿ ಹೊಲವೊಂದರಲ್ಲಿ ಬೀಡುಬಿಟ್ಟಿತ್ತು. ಕುರಿ ಮಲಗಿದರೆ ಹೊಲಕ್ಕೆ ಗೊಬ್ಬರವಾಗುತ್ತದೆಂದು ಹೊಲದವರು ಕರೆದು ನಿಲ್ಲಿಸಿಕೊಳ್ಳುತ್ತಾರೆ. ನನಗೆ ಅದು ದಾರಿಯ ಮೇಲೇ. ದೊಡ್ಡ ಮಾಮಾ ರಾತ್ರಿ ಕುರಿ ಕೂಡಿಹಾಕುವ ಬಲೆಯ ಹರಿದ ಕಣ್ಣುಗಳನ್ನು ಕಟ್ಟುತ್ತ ಕೂತಿದ್ದ.

"ಬಾರಪಾ ಪ್ರೊಫೆಸರ್ ಸಾಹೇಬ. ಕಾಲೇಜು ಬಿಟ್ಟು ಕುರಿ ಕಾಯ್ಲಾಕ ಬಂದಿಯೇನು? ಬಾ, ಎರಡು ಕುಂಟ ಮರಿ ಅವ, ನಿನಗೇ ಕೊಡ್ತೀನಿ."

ನಾನು ಬಂದ ಕಾರಣ ಹೇಳಿದೆ. ಅವನು ನಕ್ಕ.

"ನಾ ಎರಚ್ತೀನಿ, ಗಾಳಿ ಒಯ್ತದ. ಯಾವ ಕುರಿ ಬೀರಪ್ಪಂದು, ಯಾವುದು ಯೇಸುಂದು ಅಂತ ಕೇಳಿ ಎರಚ್ಲೇನು?"

"ಅದಲ್ಲ ದೊಡ್ಡ ಮಾಮಾ. ಅವನ ಹಣೀಗಿ ನೀ ಕೈಲೆ ಹಚ್ಚಿದಿಯೋ ಇಲ್ಲೋ?"

ಅವನು ಒಂದು ಗಂಟನ್ನು ಹಲ್ಲಿನಿಂದ ಬಿಗಿದ. "ನೆನಪಿಲ್ಲ" ಎಂದ. ಬಲೆಯ ಮುಂದಿನ ಕಣ್ಣಿಗೆ ಕೈ ಹಾಕುತ್ತ, "ರುಮಾಲು ತೆಗ್ದಿದ್ದ. ಅದು ನೆನಪದ. ವರ್ಷಾ ವರ್ಷಾ ತೆಗೀತಾನ. ನಾ ಇಲ್ಲಿ ಭಂಡಾರ ಕೈಯಾಗ ತಗೋತೀನಿ, ಅಂವಾ ಅಲ್ಲಿ ರುಮಾಲು ಬಗಲಾಗ ಇಟ್ಕೊಂಡು ತನ್ನ ದೇವರಿಗಿ ಹೇಳ್ತಾನ: ನಮ್ಮ ಅಣ್ಣಗ ಹಾದ್ಯಾಗ ಹುಲ್ಲು ಕೊಡು, ನೀರು ಕೊಡು, ಕುರಿ ಲಾರಿಗಿ ಸಿಗದಂಗ ನೋಡ್ಕೋ ಅಂತ. ಭಾಳ ಉದ್ದ ಹೇಳ್ತಾನಪಾ. ಲಗೂ ಮುಗ್ಸೋ, ಬಿಸಲು ಏರ್ತದ ಅಂತ ನಾ ಬೈತೀನಿ."

ಅವನು ರುಮಾಲು ತೆಗೆದದ್ದು ಯೇಸುವಿನ ಹೆಸರಿನಲ್ಲಿ ಪ್ರಾರ್ಥಿಸಲು. ಆ ಬರಿಯ ಹಣೆಯ ಮೇಲೆ ಎರಚಿದ ಪುಡಿ ಬಿದ್ದಿತ್ತು. ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕೇ? ನಿಲಂಗಾ ದಾಟುವವರೆಗೆ ಸಭೆಯ ಮುಂದೆ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡು ಬಂದೆ.

ಮಾಮಾ ಅಂಗಳದಲ್ಲಿ ತೊಗರಿ ಕಟ್ಟಿಗೆಯ ಹೊರೆ ಕಟ್ಟುತ್ತಿದ್ದ. ನನ್ನ ವಾದವನ್ನು ಪೂರ್ತಿ ಕೇಳಿದ. ಮಾಮಿ ತಂದ ಚಹಾ ನನ್ನ ಕೈಗೆ ಕೊಟ್ಟ.

"ಚಲೋ ಹುಡಕಿದಿ" ಎಂದ. "ರುಮಾಲು ತೆಗ್ದದ್ದು ಖರೆ. ಪ್ರಾರ್ಥನಾ ಮಾಡಿದ್ದೂ ಖರೆ. ಆದ್ರ ಭಂಡಾರ ಗಾಳೀಲೆ ಬಂದದ್ದಲ್ಲ. ಅಣ್ಣ ಹಚ್ಚಿದ. ಹೆಬ್ಬಟ್ಲೆ."

"ಅವನಿಗಿ ನೆನಪಿಲ್ಲಂತ."

"ಇರ್ತದ. ನನಗ ತ್ರಾಸ ಆಗಬಾರ್ದು ಅಂತ ಇಲ್ಲ ಅಂದಾನ."

"ಹಿಂಡು ದಾಟುವಾಗ ನಿನ್ನ ತಲಿ ಮ್ಯಾಗ ರುಮಾಲು ಇತ್ತಲ್ಲ? ನಾ ನೋಡೀನಿ."

"ಇಲ್ಲೋ. ಹಿಂಡು ರಸ್ತಾ ದಾಟೂತನಾ ಕೈಯಾಗೇ ಹಿಡ್ಕೊಂಡಿದ್ದೆ. ನಿನಗ ಕೈ ಬೀಸಿದ್ದೂ ರುಮಾಲಿನ ಕೈಲೇ."

ಚಹಾ ಕೈಯಲ್ಲೇ ಉಳಿಯಿತು. ಮೊದಲು ಕಂಡದ್ದು ಸರಿಯಾಗಿತ್ತು. ಆಮೇಲೆ ನೆನಪಿಸಿಕೊಂಡ ರುಮಾಲು ಬೇರೆ ಯಾವುದೋ ಚಳಿಯ ಬೆಳಗಿನದು. ಮಾಮಾನನ್ನು ಉಳಿಸಬೇಕೆಂಬ ಆಸೆಯೇ ಅದನ್ನು ಅವನ ತಲೆಗೆ ಸುತ್ತಿತ್ತು. ಆದರೂ ನಾನು ಊಟದ ಹೊತ್ತಿಗೆ ಹೇಳಿದ್ದು ಸತ್ಯವಾಗಿತ್ತು ಎನ್ನಲು ನಾಲಿಗೆ ಏಳಲಿಲ್ಲ. ಅದರಲ್ಲಿ ಹಣೆಯಿತ್ತು, ಹಳದಿಯಿತ್ತು. ಅಣ್ಣನ ದಾರಿಗಾಗಿ ಕಣ್ಣು ಮುಚ್ಚಿ ಬೇಡಿಕೊಂಡವನು ಇರಲಿಲ್ಲ.

"ಒರಸ್ಕೋಬೇಕಿತ್ತೇನೋ" ಎಂದ ಮಾಮಾ, ಹೊರೆಯ ಮೇಲೆ ಕೂತು. "ನನ್ನ ಮನಸಿಗೂ ಬಂದದ. ಒಬ್ಬನೇ ದೇವರು ಅಂತ ನಂಬಿದಾಂವ ನಾ. ಆದ್ರ ಅಣ್ಣ ಹೋಗಾಂವ, ಮಳಿಗಾಲಕ್ಕ ಬರಾಂವ. ಅವನ ಮುಂದ ಒರಸಿದ್ರ ಅವನ ಕೈನೇ ಒರಸಿದಂಗ ಆಗ್ತಿತ್ತು. ಇದು ತಪ್ಪು ಅಂದ್ರ ತಪ್ಪು ಅನ್ಲಿ. ಬ್ಯಾಡ ಅನ್ನೂದಿಲ್ಲ. ಆದ್ರ ಇಲ್ಲಿ ಬಂದು, ಈ ಹಗ್ಗದ ಮಂಚದ ಮ್ಯಾಗ ಕೂತು, ನನ್ನ ಮಾರಿ ನೋಡಿ ಅನ್ಲಿ. ಕಾಗದ ಓದಿ ಅಂದ್ರು."

"ಎದ್ದು ನಿಂತು ಇದನ್ನೇ ಹೇಳ್ಬಹುದಿತ್ತಲ್ಲ?"

"ಹೇಳಿದ್ರ ಮಂದಿ ನನ್ನ ಮಾಫ್ ಮಾಡ್ತಿದ್ರು, ಅಣ್ಣನ್ನ ಬೈತಿದ್ರು. ಅದು ನನಗ ಬ್ಯಾಡಿತ್ತು. ಎರಡು ತಿಂಗಳಾತು, ಒಬ್ಬರೂ ಬಂದು ಏನಾತೋ ಅಂತ ಕೇಳ್ಲಿಲ್ಲ. ನೀ ಬಂದಿ. ನೀನೂ ಕೇಳ್ಲಿಲ್ಲ ಬಿಡು, ಫೈಸಲಾ ಮಾಡ್ಕೊಂಡೇ ಬಂದಿದ್ದಿ."

ಮಾಮಿ ಒಳಗಿನಿಂದಲೇ ಕೂಗಿದಳು: "ನಿಮ್ಮ ಅಪ್ಪಗ ಕೇಳು, ಜ್ವಾಳ ಬೀಸಿಸ್ಲೋ ಬ್ಯಾಡೋ? ಗಿರಣಿಯಾಂವ ಶುಕ್ರವಾರ ಮುಚ್ತಾನ."

ಉಮರ್ಗಾಕ್ಕೆ ಬಂದು ಅಪ್ಪನ ಮುಂದೆ ಕೂತೆ. ಖರೆ ಏನು ಎಂದು ಅಪ್ಪ ಕೇಳಿದ. ನಾನು ಹೇಳಲಿಲ್ಲ. "ಅವನನ್ನೇ ಕೇಳು. ಅವನೇ ಹೇಳ್ತಾನ" ಎಂದೆ.

"ಅಂದ್ರ ನೀ ಅವತ್ತು ಸುಳ್ಳು ಹೇಳಿದಿ?"

"ಇಲ್ಲ. ಅರ್ಧ ನೋಡಿ ಪೂರಾ ಹೇಳಿದೆ. ಅದೂ ನಿನ್ನ ಸೋಲಿಸ್ಲಾಕ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಆಗ ಬಾಯಿ ತೆರೆದಳು. ಜೋರು ಮಾಡಲಿಲ್ಲ. "ಮಕ್ಕಳಿಗಿ ಐತ್ವಾರ ಶಾಳಾದಾಗ ಎಷ್ಟ್ ವರ್ಷ ಕಲ್ಸೀರಿ ನೀವು? ಅಣ್ಣತಮ್ಮ ತಪ್ಪು ಮಾಡಿದ್ರ ಮೊದಲು ಒಬ್ಬರೇ ಹೋಗ್ರಿ, ಇಬ್ಬರೇ ಕೂತು ಮಾತಾಡ್ರಿ. ಕೇಳ್ಲಿಲ್ಲಂದ್ರ ಒಬ್ಬಿಬ್ಬರ್ನ ಕರ್ಕೊಂಡು ಹೋಗ್ರಿ. ಆಮ್ಯಾಲ ಸಭಾಕ್ಕ ಹೇಳ್ರಿ ಅಂತ ಯೇಸುಸ್ವಾಮಿ ಹೇಳ್ಯಾನ ಅಂತ. ನನಗ ಬಾಯಿಪಾಠ ಆಗ್ಯಾದ. ನೀವು ಪಾಸ್ಟರ್ ಮನಿಗೆ ಹೋದ್ರಿ. ಹಿರಿಯರ ಮನಿ ಮನಿಗೆ ಹೋದ್ರಿ. ನನ್ನ ತಮ್ಮನ ಮನಿಗೆ ಹೋಗು ರಸ್ತಾ ಅಷ್ಟೇ ಸಿಗ್ಲಿಲ್ಲ ನಿಮಗ."

ಅಪ್ಪ ಒಳಗೆ ಹೋಗಿ ಮಲಗಿದ. ಅವನಿಗೆ ಸಿಟ್ಟು ಬಂದಿದೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ನಾನು ಗಾಡಿ ಒರೆಸುತ್ತಿದ್ದಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಪಕ್ಕದಲ್ಲಿ ನಿಂತ. "ಚೈನ್ ಬಿಗಿ ಅದ ಇಲ್ಲ?" ಎಂದ. ನಾನು ಇದೆ ಎಂದೆ. ಹತ್ತಿ ಕೂತ.

ಮಾಮಾನ ಅಂಗಳಕ್ಕೆ ಬಂದಾಗ ನಾನು ಹೊರಗೇ ನಿಲ್ಲುತ್ತೇನೆ ಎಂದೆ. "ಬಾ, ಶುರು ಮಾಡಿದಾಂವ ನೀನೇ" ಎಂದ ಅಪ್ಪ. ಅಕ್ಕನ ಗಂಡನನ್ನು ನಮ್ಮ ಕಡೆ ದಾಜಿ ಎನ್ನುತ್ತಾರೆ. ಮಾಮಾ ಎದ್ದು, "ಬರ್ರಿ ದಾಜಿ" ಎಂದು ಹಗ್ಗದ ಮಂಚದ ಮೇಲೆ ಕೌದಿ ಹಾಸಿದ.

ಅಪ್ಪ ಸಭೆಯಲ್ಲಿ ಮಾತಾಡುವಂತೆ ಮರಾಠಿಯಲ್ಲಿ ಶುರುಮಾಡಿದ: ನಾವು ಹಿರಿಯರು, ನಮ್ಮ ಜವಾಬ್ದಾರಿ, ಸಭೆಯ ಶಿಸ್ತು. ಎರಡು ವಾಕ್ಯದ ಮೇಲೆ ಅದು ಮುಂದೆ ಹೋಗಲಿಲ್ಲ. ಗಂಟಲು ಸರಿಮಾಡಿಕೊಂಡು ಕನ್ನಡಕ್ಕೆ ಬಂದ.

"ಏನಾತೋ ಅವತ್ತು? ನಾ ಕೇಳ್ಬೇಕಾಗಿತ್ತು. ಕೇಳ್ಲಿಲ್ಲ."

ಮಾಮಾ ಹೇಳಿದ. ನನಗೆ ಹೇಳಿದ್ದನ್ನೇ, ಇನ್ನೂ ಕಡಿಮೆ ಮಾತಿನಲ್ಲಿ. ಅಪ್ಪ ತಲೆ ತಗ್ಗಿಸಿ ಕೇಳಿದ.

"ನೀ ಒರಸ್ಕೋಬೇಕಿತ್ತು ಅಂತ ನನಗ ಈಗೂ ಅನಿಸ್ತದ" ಎಂದ ಕೊನೆಗೆ. "ಅಣ್ಣನ ಮುಂದ ಅಲ್ಲ. ಹಿಂಡು ದಾಟಿದ ಮ್ಯಾಲರ. ಸಣ್ಣ ಹುಡುಗರು ನಿನ್ನ ನೋಡ್ತಾರ. ನೀ ಹಾಡು ಎತ್ತಾಂವ ಇದ್ದಿ."

"ಖರೆ ಅದ ದಾಜಿ. ಅದು ತಪ್ಪಾತು." ಮಾಮಾ ತಟ್ಟನೆ ಒಪ್ಪಿದ. ಎರಡು ತಿಂಗಳು ಸಭೆಯ ಮುಂದೆ ಬಾರದ ಮಾತು ಇಷ್ಟು ಸುಲಭವಾಗಿ ಬಂದದ್ದು ನನಗೆ ಆಶ್ಚರ್ಯ. "ಮುಂದಿನ ವರ್ಷ ನೀವೂ ಬರ್ರಿ ನನ್ನ ಜೋಡಿ. ಹಚ್ಚಬ್ಯಾಡ ಅಂತ ಅಣ್ಣಗ ಪ್ರೀತೀಲೆ ಹ್ಯಾಂಗ ಹೇಳೂದು, ನೀವೇ ಹೇಳಿ ತೋರಸ್ರಿ."

"ನಾನಾ? ಕುರಿ ವಾಸನಿ ನನಗ ಆಗೂದಿಲ್ಲಪಾ."

"ನಿಮ್ಮ ಹೆಂಡ್ತಿ ಕುರಿ ಹಿಂದೇ ಬೆಳದಾಕಿ."

ಮಾಮಿ ಒಳಗೆ ನಕ್ಕಳು. ಅಪ್ಪನೂ ನಕ್ಕ, ಆದರೆ ನಗು ಮುಗಿಯುವ ಮೊದಲೇ ಅವನ ಮುಖ ಬದಲಾಯಿತು. "ನಾ ಯಾಕ ಸಭಾಕ್ಕ ಒಯ್ದೆ ಗೊತ್ತದಾ? ಇಂವಾ ನನ್ನ ಸೋಲಿಸಿದ್ದ. ನಮ್ಮ ಸಭಾ ಚೊಕ್ಕ ಅದ ಅಂತ ಇವನಿಗಿ ತೋರಸ್ಬೇಕಿತ್ತು ನನಗ. ನಿನ್ನ ನೆನಪೇ ಇರ್ಲಿಲ್ಲ ಅದರಾಗ." ಅಪ್ಪ ಹಾಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಅವನ ಕಡೆ ನೋಡಲಾಗಲಿಲ್ಲ.

"ಅಣ್ಣಾರ" ಎಂದು ಅಪ್ಪನನ್ನು ಕರೆಯುತ್ತ ಮಾಮಿ ಬಾಗಿಲಿಗೆ ಬಂದಳು, "ಜ್ವಾಳ?"

"ಬೀಸಸವ್ವಾ."

ಅಪ್ಪ ಪಾಸ್ಟರರನ್ನು ಒಪ್ಪಿಸಿದ; ಮೊದಲ ರವಿವಾರ ಮಾಮಿಯ ರೊಟ್ಟಿ ಮೇಜಿನ ಮೇಲೆ ಬಂತು. ಪಾಸ್ಟರ್ ಪ್ರಾರ್ಥನೆಗೆ ಮೊದಲು ಅಪ್ಪ ಎದ್ದು ನಿಂತ. ತಪ್ಪಿದ ಒಬ್ಬನನ್ನು ತಿದ್ದುವ ಕ್ರಮವನ್ನು ನಾನು ತಪ್ಪಿದೆ ಎಂದು ಶುರುಮಾಡಿದ. ಮೊದಲು ಹೋಗಬೇಕಾದ ಮನೆಗೆ ಕೊನೆಗೆ ಹೋದೆ. ಮಾತಾಡಿದ್ದೇವೆ, ಅವನು ಒಪ್ಪಿದ್ದಾನೆ, ನಾನೂ ಒಪ್ಪಿದ್ದೇನೆ ಎಂದ. ಅವನ ಕಣ್ಣು ನನ್ನ ಕಡೆ ತಿರುಗಿತು. ಎದ್ದೆ. ನಾನು ನಿಮ್ಮ ಮೇಜಿನವನಲ್ಲ, ಆದರೆ ನನ್ನ ಮಾತಿನಿಂದ ಒಬ್ಬ ಹೊರಗೆ ಕೂತ, ಆ ಮಾತನ್ನು ಗೆಲ್ಲುವುದಕ್ಕೆ ಆಡಿದ್ದೆ ಎಂದಷ್ಟೇ ಹೇಳಿದೆ.

ಆಗ ಹಿರಿಯರಲ್ಲಿ ಇನ್ನೊಬ್ಬ, ಬಸ್ ನಿಲ್ದಾಣದ ಹತ್ತಿರ ಹೊಲಿಗೆ ಯಂತ್ರ ಇಟ್ಟುಕೊಂಡಿರುವ ದರ್ಜಿ, ಕೂತಲ್ಲಿಂದಲೇ ಹೇಳಿದ: "ಬೇಷ್ ಆತು ಮಾಸ್ತರ. ಹೆಂಡ್ತಿ ತಮ್ಮ ಇದ್ದ, ಹೋದ್ರಿ. ನನ್ನ ಮಗನ್ನ ಎರಡು ವರ್ಷದ ಹಿಂದ ಹೊರಗ ಇಟ್ರಿ. ಅವತ್ತೂ ಕಾಗದ ನೀವೇ ಬರ್ದೀರಿ. ನಮ್ಮ ಮನಿಗೆ ಯಾರು ಬಂದ್ರು?"

ಅವನು ಎದ್ದು, ಚಪ್ಪಲಿ ಮೆಟ್ಟಿ ಹೊರಟುಹೋದ. ಆರಾಧನೆ ನಡೆಯಿತು. ರೊಟ್ಟಿ ಸಾಲಿನಲ್ಲಿ ಕೈಯಿಂದ ಕೈಗೆ ಬಂತು. ಮಾಮಾ ಸಾಲಿನೊಳಗೆ, ಅಪ್ಪನ ಪಕ್ಕದಲ್ಲಿ ಕೂತಿದ್ದ. ಅಪ್ಪ ಮುರಿದ ತುಂಡು ಅವನ ಕೈಗೆ ಕೊಟ್ಟ. ಮಾಮಾ ಅದನ್ನು ತಗೊಂಡು ಬಹಳ ಹೊತ್ತು ಬಾಯಿಗೆ ಹಾಕಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದ, ದರ್ಜಿ ಹೋದ ಕಡೆ. ಆಮೇಲೆ ತಿಂದ.

ಸೋಮವಾರ ಬೆಳಿಗ್ಗೆ ನಾನು ಉದಗೀರಿಗೆ ಹೊರಡುವ ಹೊತ್ತಿಗೆ ಮಾಮಾ ಉಮರ್ಗಾದಲ್ಲೇ ಇದ್ದ. ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ನೀನೂ ಬಾ ದರ್ಜಿ ಹತ್ರ" ಎಂದ.

"ಇಬ್ಬರು ಹೋದ್ರ ಪಂಚಾಯ್ತಿ ಅಂತಾನ. ನೀವೊಬ್ಬರೇ ಹೋಗ್ರಿ ದಾಜಿ."

"ಬೈತಾನ."

"ಬೈಲಿ. ಎರಡು ವರ್ಷದ್ದು ಅದ, ಬೈಲಾಕ ಜರಾ ವ್ಯಾಳ್ಯಾ ಹಿಡೀತದ."

ಮೂವರೂ ಬಸ್ ನಿಲ್ದಾಣದವರೆಗೆ ಹೋದೆವು. ಅಪ್ಪ ರಸ್ತೆ ದಾಟಿ ಅಂಗಡಿಯ ಸ್ಟೂಲಿನ ಮೇಲೆ ಕೂತ. ನಾನು ಮತ್ತು ಮಾಮಾ ಎದುರಿನ ಹೋಟೆಲಿನಲ್ಲಿ ಚಹಾ ತಗೊಂಡೆವು. ದರ್ಜಿ ತಲೆ ಎತ್ತಲಿಲ್ಲ. ಯಂತ್ರ ಓಡುತ್ತಲೇ ಇತ್ತು. ಅಪ್ಪ ಕೂತೇ ಇದ್ದ. ಹೈದರಾಬಾದಿನ ಒಂದು ಬಸ್ಸು ನಡುವೆ ಬಂದು ನಿಂತಿತು. ಅದು ಸರಿದಾಗ ದರ್ಜಿಯ ಕೈ ಬಟ್ಟೆಯ ಮೇಲೆ ಇರಲಿಲ್ಲ. ಅವನು ಜೋರಾಗಿ ಏನೋ ಹೇಳುತ್ತಿದ್ದ, ಅಪ್ಪ ಹೌದು ಹೌದು ಎಂದು ತಲೆಯಾಡಿಸುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಇಬ್ಬರ ತಲೆಗಳೂ ಹತ್ತಿರ ಬಂದವು.

"ಏನ್ ಅಂತಾನೋ?" ಎಂದೆ.

"ಕೇಳಸ್ಲತ್ತಿಲ್ಲ ಅಂದ್ರ ಚಲೋ ನಡದದ" ಎಂದ ಮಾಮಾ. "ನೀ ನಡಿ, ನಿನಗ ಕಾಲೇಜಿಗಿ ತಡ ಆಗ್ತದ. ನಾ ಇರ್ತೀನಿ."

ನಾನು ಹೊರಟೆ. ಆ ಮಾತುಕತೆ ಅರ್ಧ ತಾಸು ನಡೆಯಿತು ಎಂದು ಅಪ್ಪ ಹೇಳುತ್ತಾನೆ. ಮಾಮಾನ ಲೆಕ್ಕದಲ್ಲಿ ನಾಲ್ಕು ಚಹಾ. ದರ್ಜಿಯ ಮಗ ಸೋಲಾಪುರದಿಂದ ಬಂದು ಬಾಗಿಲ ಬಳಿ ಕೂತದ್ದು ಮುಂದಿನ ರವಿವಾರ ಎಂದು ಒಬ್ಬರು, ಅದರ ಮುಂದಿನದು ಎಂದು ಇನ್ನೊಬ್ಬರು. ನಾನು ಅಲ್ಲಿರಲಿಲ್ಲ, ಆದ್ದರಿಂದ ಯಾರ ಪರವೂ ಸಾಕ್ಷಿ ಹೇಳಲಾರೆ. ಅವನು ಬಂದ, ಅಪ್ಪ ಸಾಲಿನಿಂದ ಎದ್ದು ಹೋಗಿ ಅವನ ಪಕ್ಕದಲ್ಲಿ ಕೂತ ಎಂಬುದನ್ನು ಮಾತ್ರ ಎಲ್ಲರೂ ಒಂದೇ ರೀತಿ ಹೇಳುತ್ತಾರೆ.